ಎರಡು ಬೆರಳು ಎತ್ತರ

ಗೇರಣ್ಣನ ಗಾಡಿ ನೋಡಿ ನಗದವರು ಕಲ್ಲು ಕ್ವಾರಿಯ ದಾರಿಯಲ್ಲಿ ಸಿಗುವುದಿಲ್ಲ. ಗಾಡಿಯೇನೋ ಭಾರೀ ಪಿಕಪ್ಪು. ಮೂತಿ ನೋಡಿದರೆ ದಾರಿ ಬಿಡೋಣ ಅನ್ನಿಸುತ್ತದೆ. ಹಿಂದಿನ ತೊಟ್ಟಿಯಲ್ಲಿ ಒಂದು ಜನರೇಟರು, ಅದರ ಪಕ್ಕ ಪಂಪು, ಮೇಲೆ ಕಲ್ಲು ಕೊರೆಯುವ ರಾಡುಗಳ ಕಟ್ಟು ಆರಾಮಾಗಿ ಕೂರುವಷ್ಟು ಅಗಲ. ಆದರೆ ಕಣ್ಣು ಕೆಳಗಿಳಿಸಿದರೆ ಚಕ್ರಗಳು ಪುಟ್ಟವು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಬೆಕ್ಕು ಮರಿ ಹಾಕುವಷ್ಟು ಜಾಗ. "ಆನೆಗೆ ಆಡಿನ ಕಾಲು" ಎಂದು ಕ್ವಾರಿಯ ಡ್ರೈವರುಗಳು ಆಡಿಕೊಳ್ಳುತ್ತಾರೆ. ಜಿಪುಣತನ ಎಂದು ಕೆಲವರು, ಅರಳುಮರಳು ಎಂದು ಕೆಲವರು. ಗೇರಣ್ಣ ಟೀ ಲೋಟ ಕೆಳಗಿಟ್ಟು ಎದ್ದು ಹೋಗುತ್ತಾನೆ. ಜಗಳಕ್ಕೆ ನಿಲ್ಲುವ ಜಾಯಮಾನ ಅವನದಲ್ಲ. ಹಾಗಾಗಿ ಅವನ ಪರವಾಗಿ ನಾನೇ ಹೇಳಬೇಕಾಗಿದೆ. ನಗುವವರು ಪೂರ್ತಿ ಕೇಳಿಕೊಂಡು ಆಮೇಲೆ ನಗಲಿ, ಯಾರು ಬೇಡ ಅಂದರು.

ಗೇರಣ್ಣ ಎಂಬ ಅಡ್ಡಹೆಸರು ಅವನಿಗೆ ಬಂದದ್ದು ಅವನ ಮಾತಿನಿಂದಲೇ. ಲೋಕದಲ್ಲಿರುವುದನ್ನೆಲ್ಲ ಅವನು ಗೇರಿನಲ್ಲಿ ಅಳೆಯುತ್ತಿದ್ದ. ಜ್ವರ ಬಂದು ಮಲಗಿದವನು ಅವನ ಪಾಲಿಗೆ ನ್ಯೂಟ್ರಲ್‌ನಲ್ಲಿದ್ದವನು. ಹೊಸದಾಗಿ ಮದುವೆಯಾಗಿ ಹೆಂಡತಿಯ ಮೇಲೆ ಕೂಗಾಡುವವನನ್ನು ಕಂಡರೆ "ಫಸ್ಟ್ ಗೇರಲ್ಲೇ ಇಷ್ಟು ಸದ್ದು, ಇನ್ನೂ ಏರು ಬಂದೇ ಇಲ್ಲ" ಅನ್ನುತ್ತಿದ್ದ. ತನ್ನ ಹೆಂಡತಿಯ ಮಾತು ಬಂದರೆ ಮಾತ್ರ, "ಅವಳು ಬ್ರೇಕು ಕಣ್ರಪ್ಪ, ನಾನು ಬರೀ ಹಾರ್ನು" ಎಂದು ಸುಮ್ಮನಾಗುತ್ತಿದ್ದ.

ಹೆಂಡತಿ ಗಂಡನಿಗಿಂತ ಒಂದು ಗೇಣು ಎತ್ತರ. ಮದುವೆಯ ಫೋಟೋದಲ್ಲಿ ಇಬ್ಬರ ಹೆಗಲೂ ಸಮಕ್ಕಿದೆಯಲ್ಲ ಎಂದು ಯಾರಾದರೂ ಕೇಳಿದರೆ, ಗೇರಣ್ಣನ ಕಾಲ ಕೆಳಗೆ ಎರಡು ಇಟ್ಟಿಗೆ ಇಟ್ಟಿದ್ದರೆಂದು ಅವಳೇ ಹೇಳಿ ನಗುತ್ತಿದ್ದಳು. ಅವರ ಮನೆ ಎಂದರೆ ಎರಡು ಕೋಣೆ. ಇದ್ದ ಒಂದು ಕಿಟಕಿ ತೆರೆದರೆ ಎದುರಿನ ಗೋದಾಮಿನ ಗೋಡೆ, ಆ ಗೋಡೆಯ ಮೇಲೆ ಒಂದು ತುಕ್ಕು ಹಿಡಿದ ಪೈಪು. ಮಕ್ಕಳಾಗಲಿಲ್ಲ. ದಿನವೆಲ್ಲ ಆ ಪೈಪು ನೋಡಿ ನೋಡಿ ತಲೆ ಕೆಟ್ಟು ಒಂದು ಬೆಳಿಗ್ಗೆ ಗಂಡನ ಜೊತೆ ಗಾಡಿ ಹತ್ತಿದಳು. ಅವನು ಕಟ್ಟಿದ್ದ ಹೊರೆ ನೋಡಿ, "ಇದು ಹೊರೆ ಕಟ್ಟಿದ್ದಾ? ಮದುವಣಗಿತ್ತಿಗೆ ಜಡೆ ಹಾಕಿದ್ದಾ?" ಎಂದು ಹಗ್ಗವನ್ನೆಲ್ಲ ಬಿಚ್ಚಿ ತಾನೇ ಕಟ್ಟಿದಳು. ಗುಡ್ಡ ಹತ್ತಿ ಮುಗಿಸುವವರೆಗೆ ಒಂದು ರಾಡು ಅಲುಗಲಿಲ್ಲ. ಮೇಲೆ ಕ್ವಾರಿಯಲ್ಲಿ ಆ ಗಂಟು ಬಿಚ್ಚಲು ಹೋದ ಕೂಲಿಯವರು ಉಗುರು ಮುರಿದುಕೊಂಡರು. ಅವಳು ಇಳಿದು ಬಂದು ಒಂದು ಎಳೆ ಜಗ್ಗಿದಳು, ಹಗ್ಗ ಸರಸರನೆ ಬಿಚ್ಚಿಕೊಂಡು ಕಾಲ ಬುಡಕ್ಕೆ ಬಿತ್ತು. ಅವತ್ತಿನಿಂದ ಅವಳು ಎಲ್ಲರಿಗೂ ಗಂಟಕ್ಕ.

ಗೇರಣ್ಣನ ಪಕ್ಕದ ಸೀಟು ಅವಳದಾಯಿತು. ಹೊರೆಯ ಮೇಲೆ ಒಂದು ಕಣ್ಣಿರಲಿ ಎಂದು ಅವಳ ಬದಿಯ ಕನ್ನಡಿಯನ್ನು ಅವಳಿಗೇ ಕಾಣುವಂತೆ ತಿರುಗಿಸಿಟ್ಟಳು. ಗಾಡಿ ಓಡಿಸುವವನಿಗೆ ಕಾಣಬೇಕಾದ ಕನ್ನಡಿ ಹೆಂಡತಿಗೆ ಕಾಣುತ್ತಿತ್ತು ಎಂದರೆ ಆ ಸಂಸಾರ ಹೇಗಿತ್ತೆಂದು ಇನ್ನು ಬಿಡಿಸಿ ಹೇಳಬೇಕಿಲ್ಲ.

ಕಾಯಿಲೆ ಕಾಲಿನಿಂದ ಶುರುವಾಯಿತು. ಮೊದಲು ಚಪ್ಪಲಿ ಪಾದದಿಂದ ಜಾರತೊಡಗಿತು. ಚಪ್ಪಲಿ ಸರಿಯಿಲ್ಲವೆಂದು ಹೊಸದು ತಂದರು, ಅದೂ ಜಾರಿತು. ಆಮೇಲೆ ಮೆಟ್ಟಿಲು ಹತ್ತುವಾಗ ಕೈಯಿಂದ ತೊಡೆಯನ್ನು ಒತ್ತಿ ಏಳುವುದು ಬಂತು. ದೊಡ್ಡಾಸ್ಪತ್ರೆಯ ಡಾಕ್ಟರು ಸೂಜಿ ಚುಚ್ಚಿ, ವೈರು ಹಚ್ಚಿ ಏನೇನೋ ನೋಡಿದರು. ಅವರು ಬಾಯಿಬಿಡುವ ಮೊದಲೇ ಗಂಟಕ್ಕನಿಗೆ ಗೊತ್ತಿತ್ತು. ಅವಳ ತಾಯಿ ಹೋದದ್ದೂ ಇದರಲ್ಲೇ. ಮೈಯ ಮಾಂಸಖಂಡಗಳು ಕೆಳಗಿನಿಂದ ಒಂದೊಂದಾಗಿ ಸೋಲುತ್ತಾ ಮೇಲೆ ಬರುತ್ತವೆ, ಔಷಧಿಯಿಲ್ಲ. ರಕ್ತದಲ್ಲಿ ಇಳಿದು ಬರುವ ಕಾಯಿಲೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲಿ ಒಬ್ಬರಿಗೆ ಬರಬಹುದು, ಇನ್ನೊಬ್ಬರನ್ನು ಬಿಡಬಹುದು. "ಒಡಹುಟ್ಟಿದವರು ಇದ್ದಾರಾ?" ಎಂದು ಡಾಕ್ಟರು ಕೇಳಿದಾಗ ಗಂಟಕ್ಕ "ಒಬ್ಬ ತಮ್ಮ ಇದಾನೆ" ಎಂದಷ್ಟೇ ಹೇಳಿ ಎದ್ದುಬಿಟ್ಟಳು.

ಗಾಡಿಯಲ್ಲಿ ಕೂತ ಮೇಲೆ ಗಂಡನಿಗೆ ಹೇಳಿದಳು. "ನೋಡಿ, ಗುಂಡನಿಗೆ ಇದು ಗೊತ್ತಾಗಬಾರದು."

ಗುಂಡ ಎಂದರೆ ಅದೇ ತಮ್ಮ. ಊರಾಚೆ ಟೈರಿನ ಅಂಗಡಿ ಇಟ್ಟಿದ್ದವನು.

"ಅವನಿಗೆ ಹೇಳದೆ ಇದ್ರೆ ಹೇಗೆ? ನಾಳೆ ಗೊತ್ತಾದ್ರೆ ನನ್ನನ್ನ ಸುಮ್ನೆ ಬಿಡ್ತಾನಾ?"

"ಅಮ್ಮನ್ನ ಕೊನೇವರೆಗೂ ಬೆನ್ನ ಮೇಲೆ ಹೊತ್ತು ತಿರುಗಿದವನು ಅವನು. ನನಗೂ ಬಂತು ಅಂತ ಗೊತ್ತಾದ್ರೆ ದಿನಾ ಬೆಳಿಗ್ಗೆ ಎದ್ದು ಮೊದ್ಲು ತನ್ನ ಕಾಲು ಮುಟ್ಟಿ ನೋಡ್ಕೋತಾನೆ. ಅವನಿಗೆ ಬರುತ್ತೋ ಇಲ್ವೋ ದೇವರಿಗೇ ಗೊತ್ತು. ಬರದೇ ಇರೋದಕ್ಕೆ ಈಗ್ಲಿಂದ್ಲೇ ಯಾಕೆ ಸಾಯ್ಬೇಕು?"

ಅವಳು ಕಿಟಕಿಯಾಚೆ ನೋಡುತ್ತಾ ಮುಂದುವರಿಸಿದಳು. "ಇನ್ನೊಂದು. ನನ್ನ ಕೈಲಿ ಹತ್ತಕ್ಕೆ ಆಗೋವರೆಗೂ ಗಾಡೀಲಿ ಬರ್ತೀನಿ. ನೀವು ಎತ್ತಿ ಕೂರಿಸೋ ದಿನ ಬಂತು ಅಂದ್ರೆ ಮುಗೀತು, ಮನೇಲಿರ್ತೀನಿ. ನಾನು ಮೂಟೆ ಅಲ್ಲ. ಬೆನ್ನ ಮೇಲೆ ಹೋಗ್ವಾಗ ಅಮ್ಮನ ಮುಖ ಹೇಗಿರ್ತಿತ್ತು ಅಂತ ನಾನು ನೋಡಿದೀನಿ."

ಕಡ್ಡಿ ಮುರಿದ ಹಾಗೆ ಒಂದು ಸಲ ಹೇಳಿದರೆ ಅವಳು ಎರಡನೇ ಸಲ ಹೇಳುವವಳಲ್ಲ. ಗೇರಣ್ಣನಿಗೆ ಆ ಕಿಟಕಿ, ಆ ಗೋಡೆ, ಆ ಪೈಪು ಕಣ್ಣ ಮುಂದೆ ಬಂತು. ಅವಳನ್ನು ಅದರೆದುರು ಕೂರಿಸಿ ತಾನೊಬ್ಬನೇ ಗುಡ್ಡ ಹತ್ತುವುದನ್ನು ನೆನೆಯಲೂ ಅವನಿಂದಾಗಲಿಲ್ಲ. ಹೊರಗೆ ಮಾತ್ರ "ಆಯ್ತು ಬಿಡು" ಅಂದ.

ಅವಳು ಗಾಡಿ ಹತ್ತುವ ರೀತಿಯೇ ಬದಲಾಯಿತು. ಕಾಲೆತ್ತಿ ಮೆಟ್ಟಿಲ ಮೇಲಿಡಲು ಆಗುತ್ತಿರಲಿಲ್ಲ, ಇಟ್ಟರೂ ಆ ಕಾಲು ಮೈಯನ್ನು ಮೇಲೆತ್ತುತ್ತಿರಲಿಲ್ಲ. ಅದಕ್ಕೆ ಅವಳು ತಾನೇ ಒಂದು ದಾರಿ ಹುಡುಕಿಕೊಂಡಳು. ಬಾಗಿಲು ತೆರೆದು ಗಾಡಿಗೆ ಬೆನ್ನು ಮಾಡಿ ನಿಲ್ಲುವುದು, ತಲೆಯ ಮೇಲಿನ ಹಿಡಿಕೆಗೆ ಒಂದು ಕೈ ಹಾಕಿ ಜೋತು ಸೊಂಟವನ್ನು ಸೀಟಿನ ಅಂಚಿಗೆ ಏರಿಸುವುದು, ಆಮೇಲೆ ಮಂಡಿಯ ಬಳಿ ಬಟ್ಟೆ ಹಿಡಿದು ಒಂದೊಂದೇ ಕಾಲನ್ನು ಒಳಗೆ ಎತ್ತಿಟ್ಟುಕೊಳ್ಳುವುದು. ಎತ್ತರದ ಹೆಂಗಸಾದ್ದರಿಂದ ಸೀಟಿನ ಅಂಚು ಅವಳ ಸೊಂಟದ ಎಲುಬಿಗೆ ಸರಿಯಾಗಿ ಬರುತ್ತಿತ್ತು. ಮಣೆ ಇಟ್ಟರೆ ಅದನ್ನು ಹತ್ತುವುದೇ ಇನ್ನೊಂದು ಪಾಡು, ಕಾಲು ಚಪ್ಪಟೆ ನೆಲದ ಮೇಲೆ ಇದ್ದರಷ್ಟೇ ನಿಲ್ಲುತ್ತಿತ್ತು. ಮನೆ ಮುಂದೆ ಗೇರಣ್ಣ ಗಾಡಿಯನ್ನು ಚರಂಡಿಯ ತಗ್ಗಿಗೆ ಇಳಿಸಿ ನಿಲ್ಲಿಸುತ್ತಿದ್ದ, ಅಷ್ಟು ಎತ್ತರ ತಗ್ಗುತ್ತಿತ್ತು. ನೆರೆಯವರು ಅವನಿಗೆ ಗಾಡಿ ನಿಲ್ಲಿಸುವುದೂ ಮರೆತುಹೋಗಿದೆ ಎಂದುಕೊಂಡರು. ಕ್ವಾರಿಯಲ್ಲಿ ಚರಂಡಿಯಿಲ್ಲ. ಅಲ್ಲಿ ಅವಳು ಹಗ್ಗ ಬಿಚ್ಚಲು ಇಳಿದರೆ ಮತ್ತೆ ಹತ್ತುವುದು ಸಮನೆಲದಿಂದಲೇ.

ಹೀಗೆ ಕಷ್ಟದಲ್ಲೇ ಒಂದು ನಡೆ ಕೂತುಕೊಂಡಿದ್ದಾಗ ಟೈರುಗಳು ಮುಗಿದವು.

ಗೇರಣ್ಣ ಹೊಸ ಟೈರಿನ ಯೋಚನೆ ಮಾಡುತ್ತಾ ಒಂದು ಸಂಜೆ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಬೋಳಾದ ಟೈರಿನ ಮೇಲೆ ಕೈಯಾಡಿಸಿದಾಗ ವಿಷಯ ಹೊಳೆಯಿತು. ಹೊಸ ಟೈರಿನಲ್ಲಿ ಅಚ್ಚಿನ ಹಲ್ಲು ಒಂದು ಬೆರಳು ದಪ್ಪ ಇರುತ್ತದೆ. ಸವೆದು ಸವೆದು ಆ ಬೆರಳಿನಷ್ಟು ಗಾಡಿ ಕೆಳಗಿಳಿದಿತ್ತು. ಅವಳ ಕಾಲು ಸೋಲುತ್ತಾ ಬಂದ ಹಾಗೆ ಟೈರೂ ಸವೆಯುತ್ತಾ ಬಂದು, ಯಾರಿಗೂ ಗೊತ್ತಿಲ್ಲದೆ ಅವಳಿಗೆ ಸಹಾಯ ಮಾಡಿತ್ತು. ಈಗ ಅದೇ ಸೈಜಿನ ಹೊಸದು ಹಾಕಿದರೂ ಸೀಟು ಒಂದು ಬೆರಳು ಮೇಲೆ ಹೋಗುತ್ತದೆ. ಆ ಒಂದು ಬೆರಳು ಏರುವುದು ಅವಳ ಕೈಲಾಗುತ್ತದೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಪ್ರಯೋಗ ಮಾಡಿ ನೋಡುವ ಧೈರ್ಯವೂ ಇರಲಿಲ್ಲ.

ಮರುದಿನ ಇಬ್ಬರೂ ಗುಂಡನ ಅಂಗಡಿಗೆ ಹೋದರು. ಗುಂಡ ಹೆಸರಿಗೆ ತಕ್ಕಂತೆ ದುಂಡಗೆ, ಮೊಣಕೈವರೆಗೆ ಕಪ್ಪು, ಬಾಯಿ ತುಂಬ ಮಾತು. ಬಾಗಿಲ ಬಳಿ ನೀರಿನ ತೊಟ್ಟಿ, ಗಾಳಿ ಯಂತ್ರ, ಗೋಡೆಗೆ ಒರಗಿಸಿದ ರಿಮ್ಮುಗಳು. ಅಕ್ಕ ಯಾವತ್ತಿನ ಹಾಗೆ ಗಾಡಿಯಿಂದ ಇಳಿಯದೆ ಕಿಟಕಿಯಿಂದಲೇ ಮಾತಾಡಿದಳು. ಅವನಿಗೆ ಅದರಲ್ಲೇನೂ ಹೊಸದು ಕಾಣಲಿಲ್ಲ, "ಮಹಾರಾಣಿ ಕೆಳಗಿಳಿಯಲ್ಲ" ಎಂದು ನಕ್ಕು ಅವಳಿಗೆ ಟೀ ಕೊಟ್ಟ. ಆಮೇಲೆ ಟೈರು ನೋಡಿದ.

"ಭಾವ, ಇದು ಟೈರಾ, ನಿಮ್ಮ ತಲೆನಾ? ಎರಡರಲ್ಲೂ ಏನೂ ಉಳಿದಿಲ್ವಲ್ಲ."

"ಅದಕ್ಕೇ ಬಂದಿದ್ದು. ಒಂದು ಸೈಜು ಕಡಿಮೆದು ಹಾಕ್ಕೊಡು."

ಗುಂಡನ ನಗು ನಿಂತಿತು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಟೈರಿನ ಮೈಮೇಲೆ ಮೂರು ಅಂಕಿ ಇರುತ್ತವೆ. ಮೊದಲನೆಯದು ಅಗಲ, ಎರಡನೆಯದು ಆ ಅಗಲದ ನೂರರಲ್ಲಿ ಎಷ್ಟು ಪಾಲು ಟೈರಿನ ಗೋಡೆ ಎತ್ತರ ಎಂಬುದು, ಮೂರನೆಯದು ನಡುವಿನ ರಿಮ್ಮು. ಗೇರಣ್ಣನ ಗಾಡಿಗೆ ಕಂಪನಿಯವರು ಕೊಟ್ಟದ್ದು 265, 70, 17. ಅವನು ಕೇಳುತ್ತಿದ್ದದ್ದು 245. ಅಗಲ ಇಳಿದರೆ ಗೋಡೆಯ ಎತ್ತರವೂ ಇಳಿಯುತ್ತದೆ. ಆ ಸೈಜಿನ ಹೊಸ ಟೈರು ಹಾಕಿದರೆ ಈಗಿನ ಸವೆದ ಟೈರಿನ ಎತ್ತರಕ್ಕೇ ಸರಿಯಾಗಿ ನಿಲ್ಲುತ್ತದೆ ಎಂಬುದನ್ನು ಅವನು ಮನೆಯಲ್ಲೇ ಕೂಡಿ ಕಳೆದು ನೋಡಿಕೊಂಡಿದ್ದ.

"ತಲೆ ನೆಟ್ಟಗಿದೆಯಾ ಭಾವ?" ಅಂದ ಗುಂಡ. "ಕ್ವಾರಿ ದಾರಿ ಕಿತ್ತುಹೋಗಿ ಹಲ್ಲು ಹಲ್ಲು ಎದ್ದಿದೆ. ನಾನು ಹೇಳೋದು 285 ಹಾಕಿ ಅಂತ. ಒಳ್ಳೇ ಆಲ್ ಟೆರೇನು, ಕೆಸರಿಗೂ ಸೈ ಕಲ್ಲಿಗೂ ಸೈ. ಗಾಡಿ ಹೊಟ್ಟೆ ಕಲ್ಲಿಗೆ ತಾಗಲ್ಲ. ನೀವು ನೋಡಿದ್ರೆ ಕೆಳಗೆ ಇಳಿಸ್ತೀನಿ ಅಂತೀರಿ. ಹೊರೋ ತಾಕತ್ತೂ ಕಮ್ಮಿ ಆಗುತ್ತೆ. ಜನರೇಟರ್ ಹಾಕಿದ್ರೆ ರಾಡು ಬಿಟ್ಟು ಬರ್ಬೇಕು."

"ಬಿಟ್ಟು ಬರ್ತೀನಿ. ಎರಡು ಸಲ ಹೋಗ್ತೀನಿ."

"ಯಾಕೆ?"

"ಡೀಸೆಲ್ ಉಳಿಯುತ್ತೆ."

ಎರಡು ಸಲ ಹೋದರೆ ಡೀಸೆಲ್ ಹೇಗೆ ಉಳಿಯುತ್ತದೆ ಎಂದು ಗುಂಡ ಬಾಯಿ ತೆರೆದವನು ಅಕ್ಕನ ಕಡೆ ನೋಡಿದ. ಅಕ್ಕ ಲೋಟದೊಳಗೆ ನೋಡುತ್ತಿದ್ದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಸುಳ್ಳು ಹೇಳಿದರೆ ಹೀಗೇ ಆಗುವುದು. ಇವರ ಕೈಯಲ್ಲಿ ಕಾಸಿಲ್ಲ, ಬಾಯಿಬಿಟ್ಟು ಹೇಳಲು ನಾಚಿಕೆ ಎಂದು ಗುಂಡ ತಿಳಿದುಕೊಂಡ. "ಸರಿ, ಆ ಸೈಜು ಇಲ್ಲಿಲ್ಲ, ತರಿಸ್ತೀನಿ. ಗಾಡಿ ಬಿಟ್ಟು ಹೋಗೋಕೆ ಒಂದು ದಿನ ಬನ್ನಿ" ಅಂದ.

ಗುಂಡ ಹೇಳಿ ಕಳಿಸಿದ ದಿನ ಗೇರಣ್ಣ ಗಾಡಿ ಬಿಟ್ಟು, ಪೇಟೆಯಲ್ಲಿ ಹೆಂಡತಿಯ ನೋವಿನ ಮಾತ್ರೆಗಳನ್ನು ಕೊಂಡು ಮಧ್ಯಾಹ್ನ ಬಂದ. ದೂರದಿಂದಲೇ ಕಂಡಿತು. ಗಾಡಿ ಎದ್ದು ನಿಂತಿತ್ತು. ಗಟ್ಟಿ ಹಲ್ಲಿನ, ಮಡ್‌ಗಾರ್ಡು ತುಂಬುವಂಥ ಟೈರುಗಳು, 285. ಗುಂಡ ಕೈ ಒರೆಸಿಕೊಳ್ಳುತ್ತಾ ಬಂದ. ಆ ದುಂಡು ಮುಖದಲ್ಲಿ ಹಿಡಿಸಲಾರದಷ್ಟು ಸಂತೋಷ.

"ಬೈಬೇಡಿ ಭಾವ. ಇದು ನನ್ನ ಕಡೆಯಿಂದ ಅಕ್ಕನಿಗೆ. ಅವಳು ಕೂರೋ ಗಾಡಿ ಕಲ್ಲಿಗೆ ಬಡ್ಕೊಂಡು ಎಲ್ಲೋ ನಿಂತ್ರೆ ನನಗೆ ನಿದ್ದೆ ಬರುತ್ತಾ? ನಿಮ್ಮ ಹಳೇ ಟೈರು ಗುಜರಿಯವನು ಆಗ್ಲೇ ಹೊತ್ಕೊಂಡು ಹೋದ, ಈಗ ಬೇಡ ಅಂದ್ರೂ ಆಗಲ್ಲ."

ಬಾಯಿಗೆ ಬಿದ್ದ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಬೇಡ ಎನ್ನಲು ಕಾರಣ ಬೇಕು. ಇದ್ದ ಒಂದು ಕಾರಣವನ್ನು ಇವನೊಬ್ಬನಿಗೆ ಮಾತ್ರ ಹೇಳುವಂತಿಲ್ಲ. ಗೇರಣ್ಣ ಟೈರನ್ನು ಒದ್ದು ನೋಡಿದಂತೆ ಮಾಡಿ, "ಚೆನ್ನಾಗಿದೆ" ಅಂದ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ಗುಂಡ ಇನ್ನೂ ಹಿಗ್ಗಿದ.

ಗಂಟಕ್ಕ ಮನೆಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದಳು. ಗಾಡಿ ಚರಂಡಿಗೆ ಇಳಿದು ನಿಂತ ಮೇಲೂ ಏರಿದ ಎತ್ತರ ಅವಳ ಕಣ್ಣಿಗೆ ಬಿತ್ತು. "ಎಷ್ಟು?" ಅಂದಳು.

"ಎರಡು ಬೆರಳು."

ಅವಳು ಬಂದು ಬೆನ್ನು ಮಾಡಿ ನಿಂತು ನೋಡಿದಳು. ಸೀಟಿನ ಅಂಚು ಸೊಂಟದ ಎಲುಬು ದಾಟಿ ಮೇಲೆ ಹೋಗಿತ್ತು. ಜೋತಳು, ಜಾರಿದಳು. ಮತ್ತೆ ಜೋತಳು. ಗೇರಣ್ಣನ ಕೈ ತಾನಾಗಿ ಮುಂದೆ ಬಂತು, ಅವಳು ನೋಡಿದ ನೋಟಕ್ಕೆ ಹಿಂದೆ ಹೋಯಿತು. ಮೂರನೇ ಸಲ ಹೇಗೋ ಹತ್ತಿ ಕೂತಳು. ಮೇಲ್ತುಟಿಯೆಲ್ಲ ಬೆವರು.

"ಮನೆ ಮುಂದೆ ಆಯ್ತು," ಅಂದಳು. "ಕ್ವಾರೀಲಿ ಆಗಲ್ಲ."

"ಗುಂಡನಿಗೆ ಹೇಳಿಬಿಡ್ತೀನಿ ಕಣೇ."

"ಹೇಳಿದ್ರೆ ಈ ಗಾಡಿ ಹತ್ತಲ್ಲ ನಾನು."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು ಅವನ ಪಾಡು. ಒಂದು ಕಡೆ ಅವಳ ಹಟ, ಇನ್ನೊಂದು ಕಡೆ ಗುಂಡನ ಪ್ರೀತಿ, ನಡುವೆ ಈ ಬಡಪಾಯಿ. ಗಾಡಿಗಳ ನಡುವೆ ಬೆಳೆದ ಮನುಷ್ಯನಿಗೆ ಹೊಳೆಯುವ ಉಪಾಯ ಹೊಳೆಯಿತು, ಟೈರಿನವರು ಕೇಳಿದರೆ ತಲೆ ಚಚ್ಚಿಕೊಳ್ಳುವಂಥದ್ದು. ಅವಳು ಹತ್ತುವ ಮೊದಲು ಅವಳ ಬದಿಯ ಎರಡು ಚಕ್ರಗಳ ವಾಲ್ವಿಗೆ ಒಂದು ಮೊಳೆ ಒತ್ತಿ ಗಾಳಿ ಬಿಡುವುದು. ಬುಸ್ಸೆಂದು ಗಾಡಿ ಅವಳ ಕಡೆಗೆ ವಾಲುತ್ತಿತ್ತು, ಸೀಟು ತಗ್ಗುತ್ತಿತ್ತು, ಅವಳು ಹತ್ತುತ್ತಿದ್ದಳು. ಆಮೇಲೆ ಬ್ಯಾಟರಿಗೆ ಸಿಕ್ಕಿಸುವ ಒಂದು ಪುಟ್ಟ ಪಂಪಿನಿಂದ ಗಾಳಿ ತುಂಬಬೇಕು. ಆ ಪಂಪು ಮುದುಕರು ಕೆಮ್ಮಿದ ಹಾಗೆ ಕೆಮ್ಮುತ್ತಾ ತುಂಬುತ್ತಿತ್ತು. ಕ್ವಾರಿಯಲ್ಲಿ ಹಿಂದೆ ಲಾರಿಗಳು ಹಾರ್ನು ಹೊಡೆಯುತ್ತಾ ನಿಂತರೆ ಅರ್ಧ ತುಂಬಿಸಿ ಹೊರಡುತ್ತಿದ್ದ. ತುಂಬಿದ ಹೊರೆ, ಚೂಪು ಕಲ್ಲು, ಅರೆಗಾಳಿಯ ಟೈರು. ಗೋಡೆ ಬಿಸಿಯಾಗಿ ಸಿಡಿದರೆ ಗಾಡಿ ಕಣಿವೆಗೆ ಹೋಗುತ್ತದೆಂದು ಗೇರಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಹೋದರೆ ಇಬ್ಬರೂ ಒಟ್ಟಿಗೆ ಹೋಗುತ್ತೇವಲ್ಲ ಎಂದು ಒಂದೊಂದು ಸಲ ಅನ್ನಿಸುತ್ತಿತ್ತು. ಆ ಯೋಚನೆ ಬಂದಾಗ ಅವನಿಗೆ ಹೆದರಿಕೆಯಾಗುವ ಬದಲು ಸಮಾಧಾನವಾಗುತ್ತಿತ್ತು, ಅದೇ ಹೆದರಿಕೆಯ ಮಾತು.

ಒಂದು ತಿಂಗಳಾಗುವಷ್ಟರಲ್ಲಿ ಟೈರಿನಲ್ಲೇನೋ ಎಡವಟ್ಟಿರುವುದನ್ನು ಗುಂಡ ಹಿಡಿದುಬಿಟ್ಟ. ಗಾಳಿ ನೋಡಲೆಂದು ನಿಲ್ಲಿಸಿದಾಗ ಒಂದು ಬದಿಯ ಎರಡು ಟೈರುಗಳೂ ಅಂಚಿನಲ್ಲಿ ಸವೆದಿದ್ದವು, ಗಾಳಿಯೂ ಕಮ್ಮಿ. ತಾನು ಕೊಟ್ಟ ಉಡುಗೊರೆಯೇ ತೂತು ಎಂದು ಅವನಿಗೆ ಅವಮಾನ. ಟೈರು ಬಿಚ್ಚಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೇನೋ ಎಂದು ತಲೆ ಬಗ್ಗಿಸಿ ಕಾದ. ಒಂದು ಗುಳ್ಳೆಯಿಲ್ಲ. ವಾಲ್ವು ಬದಲಾಯಿಸಿದ. ಮುಂದಿನ ವಾರ ಮತ್ತೆ ಅದೇ ಕಥೆ. ಮತ್ತೆ ಮುಳುಗಿಸಿದ, ಸೋಪಿನ ನೀರು ಹಚ್ಚಿದ, ರಿಮ್ಮು ಉಜ್ಜಿದ. ಗೇರಣ್ಣ ಪಕ್ಕದಲ್ಲಿ ನಿಂತು, ಇಲ್ಲದ ತೂತು ಹುಡುಕುವ ಭಾವಮೈದುನನ ಬೆನ್ನು ನೋಡುತ್ತಿದ್ದ. ಅದೇ ಬೆನ್ನ ಮೇಲೆ ಅತ್ತೆ ಕೂತು ಹೋಗುತ್ತಿದ್ದದ್ದು ಅವನಿಗೂ ನೆನಪಿತ್ತು.

"ನಿಮ್ಮ ಮನೆ ಹತ್ರ ಯಾವನೋ ಕಿಡಿಗೇಡಿ ಗಾಳಿ ಬಿಡ್ತಿದಾನೆ ಭಾವ," ಅಂದ ಗುಂಡ ಕೊನೆಗೆ. "ಸಿಗ್ಲಿ, ಅವನ ಕೈ ಮುರೀತೀನಿ."

ಕುಂಬಳಕಾಯಿ ಕಳ್ಳನ ಹಾಗೆ ಗೇರಣ್ಣ ಜೇಬು ಮುಟ್ಟಿ ನೋಡಿಕೊಂಡ. ಮೊಳೆ ಅಲ್ಲೇ ಇತ್ತು.

ಗುಂಡ ಆಡಿದ್ದನ್ನು ಮಾಡುವವನು. ಒಂದು ಬೆಳಿಗ್ಗೆ ಗಾಳಿ ಅಳೆಯುವ ಗೇಜು ಕೈಯಲ್ಲಿ ಹಿಡಿದು, ಅಂಗಡಿ ತೆರೆಯದೆ, ಅಕ್ಕನ ಮನೆಯ ಬೀದಿಗೆ ಬಂದ. ಗೋದಾಮಿನ ಗೋಡೆಯ ಮರೆಯಿಂದ ನೋಡಿದರೆ ಕಿಡಿಗೇಡಿ ಸಿಕ್ಕೇಬಿಟ್ಟ. ಅವನ ಸ್ವಂತ ಭಾವನೇ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಮೊಳೆ ಒತ್ತುತ್ತಿದ್ದಾನೆ, ಬುಸ್ಸೆಂದು ಗಾಳಿ ಹೋಗುತ್ತಿದೆ. ಗುಂಡನಿಗೆ ನಗು ತಡೆಯಲಾಗಲಿಲ್ಲ. "ಏನ್ ಭಾವ" ಎಂದು ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ಅಕ್ಕ ಗೋಡೆ ಹಿಡಿದು ಹೊರಗೆ ಬಂದಳು.

ಗಾಡಿಗೆ ಬೆನ್ನು ಮಾಡಿ ನಿಂತಳು. ಹಿಡಿಕೆಗೆ ಜೋತಳು. ಸೊಂಟ ಏರಿತು. ಆಮೇಲೆ ಮಂಡಿಯ ಬಳಿ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು, ಬೇರೆ ಯಾರದೋ ಕಾಲನ್ನು ಎತ್ತಿಡುವ ಹಾಗೆ, ತನ್ನ ಕಾಲನ್ನು ಒಳಗೆ ಎತ್ತಿಟ್ಟುಕೊಂಡಳು.

ಗುಂಡನ ನಗು ಬಾಯಲ್ಲೇ ಉಳಿಯಿತು. ಬಟ್ಟೆ ಹಿಡಿದು ಕಾಲೆತ್ತುವುದನ್ನು ಅವನು ಹಿಂದೆ ಒಬ್ಬರಲ್ಲಿ ನೋಡಿದ್ದ. ಅಮ್ಮ ಮಂಚದ ಮೇಲೆ ಹಾಗೇ ಎತ್ತಿಟ್ಟುಕೊಳ್ಳುತ್ತಿದ್ದಳು, ಎತ್ತಲೂ ಆಗದ ದಿನ ಬರುವವರೆಗೆ. ಯಾರೂ ಅವನಿಗೆ ಏನೂ ಹೇಳಬೇಕಾಗಲಿಲ್ಲ.

ಅವಳ ಕನ್ನಡಿಯಲ್ಲಿ ಅವನು ಕಂಡ. "ರೀ," ಅಂದಳು ಮೆಲ್ಲಗೆ, "ಗುಂಡ ಬಂದಿದಾನೆ."

ಗುಂಡ ಹತ್ತಿರ ಬಂದು ಅರೆಗಾಳಿಯ ಟೈರು ನೋಡಿದ, ಭಾವನ ಕೈಯ ಮೊಳೆ ನೋಡಿದ, ಅಕ್ಕನ ಪಾದ ನೋಡಿದ. "ಯಾವಾಗಿಂದ ಅಕ್ಕಾ?"

"ಹೋದ ವರ್ಷದಿಂದ. ಅಳಬೇಡ ಕಣೋ, ಬೀದೀಲಿ."

"ನಾನು ಅಳ್ತಿಲ್ಲ."

ಅಳುತ್ತಿದ್ದ. ಗೇರಣ್ಣ ಅವನ ಹೆಗಲ ಮೇಲೆ ಕೈ ಹಾಕಿದ. "ನಾನು ಹೇಳ್ತೀನಿ ಅಂದೆ ಮಾರಾಯ. ಇವಳೇ ಬಿಡ್ಲಿಲ್ಲ."

"ನಾನು ಎತ್ತರ ಮಾಡ್ಬಿಟ್ಟೆ," ಅಂದ ಗುಂಡ. "ನೀವು ಬೇಡ ಅಂದ್ರೂ ಎತ್ತರ ಮಾಡ್ಬಿಟ್ಟೆ." ಅದನ್ನೇ ಎರಡು ಮೂರು ಸಲ ಹೇಳಿದ.

ಆ ವಾರದಲ್ಲೇ ಅವನು ಎಲ್ಲೆಲ್ಲೋ ತಿರುಗಿ 245ರ ನಾಲ್ಕು ಟೈರು ತಂದ. ಅಕ್ಕನನ್ನು ಇಳಿಸಿದರೆ ಮತ್ತೆ ಹತ್ತಬೇಕಲ್ಲ ಎಂದು ಅವಳು ಕೂತಿದ್ದ ಹಾಗೆಯೇ ಜಾಕು ಕೊಟ್ಟ. ಗಾಡಿಯಲ್ಲಿ ಜನ ಇದ್ದಾಗ ಜಾಕು ಎತ್ತಬಾರದೆಂದು ಅಂಗಡಿಗೆ ಬಂದವರಿಗೆಲ್ಲ ಬುದ್ಧಿ ಹೇಳುತ್ತಿದ್ದವನು ಅವನೇ. ಒಂದೊಂದು ಮೂಲೆ ಮೇಲೆದ್ದಾಗಲೂ ಗಂಟಕ್ಕ ಹಿಡಿಕೆ ಹಿಡಿದು ಗಾಡಿಯೊಂದಿಗೆ ಮೇಲೆ ಹೋಗಿ ಕೆಳಗೆ ಬಂದಳು.

"ಎತ್ತಿಸ್ಕೊಳ್ಳಲ್ಲ ಅಂದಿದ್ದೆ. ಕೊನೆಗೂ ಎತ್ತಿಬಿಟ್ಯಲ್ಲೋ ನನ್ನ," ಅಂದಳು ಕಿಟಕಿಯಿಂದ.

ಗುಂಡ ನಗಬೇಕೆಂದು ನಕ್ಕ. ಉಳಿದ ನಟ್ಟುಗಳನ್ನು ಬಿಗಿದ. ಕೆಲಸ ಮುಗಿದ ಮೇಲೆ ಅಕ್ಕ ಇಳಿದು ಒಂದು ಸಲ ಹತ್ತಿ ತೋರಿಸಿದಳು. ಸೀಟಿನ ಅಂಚು ಮತ್ತೆ ಸೊಂಟದ ಎಲುಬಿಗೆ ಬಂದು ನಿಂತಿತ್ತು. "ಸಾಕು, ಇಷ್ಟಿದ್ರೆ ಆಯ್ತು," ಅಂದಳು. ಗೇರಣ್ಣನಿಗೆ ಬಹಳ ದಿನದ ಮೇಲೆ ನಿರಾಳವಾಯಿತು.

ಗಾಡಿ ಹೊರಟಿತು. ತಿರುವಿಗೆ ಮುಂಚೆ ಗೇರಣ್ಣ ರೂಢಿಯಂತೆ ತನ್ನ ಬದಿಯ ಕನ್ನಡಿ ನೋಡಿದ. ಗುಂಡ ಅಂಗಡಿಯ ಮುಂದೆ ಒಬ್ಬನೇ ನಿಂತಿದ್ದ. ಬಿಚ್ಚಿದ ದೊಡ್ಡ ಟೈರೊಂದು ಅವನ ಮುಂದೆ ನೆಲದ ಮೇಲೆ ಮಲಗಿತ್ತು. ಅವನು ಎರಡೂ ಕೈಗಳನ್ನು ಎಲ್ಲೂ ತಾಗದಂತೆ ಗಾಳಿಯಲ್ಲಿ ಹಿಡಿದುಕೊಂಡು ಬಲಗಾಲನ್ನು ಟೈರಿನ ಮೇಲಿಟ್ಟು ಹತ್ತಿದ. ಇಳಿದ. ಎಡಗಾಲಿಟ್ಟು ಹತ್ತಿದ. ಇಳಿದ. ಸ್ವಲ್ಪ ಹೊತ್ತು ತನ್ನ ಪಾದವನ್ನೇ ನೋಡಿದ. ಮತ್ತೆ ಬಲಗಾಲಿಟ್ಟ.

ಗೇರಣ್ಣ ಪಕ್ಕಕ್ಕೆ ನೋಡಿದ. ಅವಳ ಕನ್ನಡಿ ಅವಳ ಕಡೆಗೇ ತಿರುಗಿತ್ತು.

"ನೋಡಿದ್ರಾ?" ಅಂದಳು.

"ಏನನ್ನ?"

"ಇದಕ್ಕೇ ಹೇಳ್ಬೇಡಿ ಅಂದಿದ್ದು ನಾನು." ಅಷ್ಟು ಹೇಳಿ ಮುಖ ಆ ಕಡೆ ಮಾಡಿದಳು.

ಆ ಮಳೆಗಾಲ ಮುಗಿಯುವವರೆಗೆ ಗಂಟಕ್ಕ ಗಾಡಿ ಹತ್ತಿದಳು. ಒಂದು ದಿನ ಹಿಡಿಕೆ ಹಿಡಿದ ಕೈ ಬಿಟ್ಟುಬಿಟ್ಟು, "ಇನ್ನು ನೀವು ಹೋಗಿ ಬನ್ನಿ" ಅಂದಳು. ಹೇಳಿದ ಹಾಗೆ ಮನೆಯಲ್ಲೇ ಉಳಿದಳು. ಗೇರಣ್ಣ ಗೋಡೆಯ ಆ ಪೈಪಿಗೆ ಹಸಿರು ಬಣ್ಣ ಹೊಡೆದು ಬಂದ, ಅವನಿಂದಾದದ್ದು ಅಷ್ಟು. ಮುಂದಿನ ಮಳೆಗಾಲವನ್ನು ಅವಳು ನೋಡಲಿಲ್ಲ. ಈಗ ಆ ಸೀಟಿನ ಮೇಲೆ ಹಗ್ಗದ ಸುರುಳಿ ಇರುತ್ತದೆ. ಹೊರೆಯನ್ನು ಅವನೇ ಕಟ್ಟುತ್ತಾನೆ, ಜಡೆ ಹಾಕಿದ ಹಾಗೆಯೇ ಕಟ್ಟುತ್ತಾನೆ.

ಆ ಟೈರುಗಳೂ ಸವೆದವು. ಹೊಸದು ಹಾಕಿಸಲು ಹೋದಾಗ ಗುಂಡ ಯಾವ ಸೈಜು ಎಂದು ಕೇಳಲಿಲ್ಲ, ಗೇರಣ್ಣ ಹೇಳಲೂ ಇಲ್ಲ. 245 ಬಂದು ಕೂತವು. ಗುಂಡ ಈಗ ಮೊದಲಿನಷ್ಟು ಮಾತಾಡುವುದಿಲ್ಲ. ಅವನು ಆರೋಗ್ಯವಾಗಿದ್ದಾನೆ, ನಡೆಯುತ್ತಾನೆ, ಟೈರು ಎತ್ತುತ್ತಾನೆ, ಅವನಿಗೆ ಏನೂ ಆಗಿಲ್ಲ. ಆದರೆ ಅಂಗಡಿಯ ಒಳಗೆ, ಗಿರಾಕಿಗಳಿಗೆ ಕಾಣದ ಮೂಲೆಯಲ್ಲಿ, ಒಂದು 285ರ ಟೈರು ಯಾವಾಗಲೂ ನೆಲದ ಮೇಲೆ ಮಲಗಿರುತ್ತದೆ. ಅದನ್ನು ಅವನು ಮಾರುವುದಿಲ್ಲ. ಗಾಳಿ ಹಿಡಿಸಲು ಹೋದಾಗಲೆಲ್ಲ ಗೇರಣ್ಣನ ಕಣ್ಣು ಅಲ್ಲಿಗೇ ಹೋಗುತ್ತದೆ. ಅದರ ಮೈಮೇಲಿನ ಅಂಕಿಗಳು ಚಪ್ಪಲಿ ತಿಕ್ಕಿ ತಿಕ್ಕಿ ಅಳಿಸಿಹೋಗುತ್ತಾ ಬಂದಿವೆ.